ಕೊಡಗಿನ ಕರೆಂಟನ್ನು ತಾಳಿಕೊಳ್ಳುವ ಎಸ್‌ಎಂಪಿಎಸ್ ಯಾವುದು?

ಸೋಮವಾರಪೇಟೆಯಲ್ಲಿ ರೈಜೆನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿ ಡೆಸ್ಕ್‌ಟಾಪ್ ಮಾಡಿಸುತ್ತಿದ್ದೀರಿ. ಕ್ಯಾಬಿನೆಟ್ ಜೊತೆಗೇ ಬರುವ '500 ವ್ಯಾಟ್' ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈ) ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ದಯವಿಟ್ಟು ಅದನ್ನು ಹಾಕಿಸಬೇಡಿ.

ನಾನು ಗೋಣಿಕೊಪ್ಪದ ಕಡೆಯವನು. ನನ್ನ ಹಳೇ ಸಿಸ್ಟಮ್‌ನಲ್ಲೂ ಅಂಥದ್ದೇ ಇತ್ತು. ಒಂದು ಜುಲೈಯಲ್ಲಿ ಲೈನ್ ಮೇಲೆ ಸಿಲ್ವರ್ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಬಂದಾಗ ಬಲ್ಬುಗಳು ಒಂದು ಕ್ಷಣ ಜೋರಾಗಿ ಉರಿದವು. ಕ್ಯಾಬಿನೆಟ್ ಒಳಗಿಂದ ಟಪ್ ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಎಸ್‌ಎಂಪಿಎಸ್ ಮಾತ್ರ ಹೋಗಿದ್ದರೆ ಬೇಜಾರಿರಲಿಲ್ಲ. ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಕೂಡ ಹೋದವು. ತೋಟದ ಐದು ವರ್ಷದ ಲೆಕ್ಕ, ಅಪ್ಪನ ಫೋಟೋಗಳು ಎಲ್ಲಾ ಅದರಲ್ಲಿದ್ದವು.

ರಿಪೇರಿ ಮಾಡುವ ಹುಡುಗ ಬಿಚ್ಚಿ ತೋರಿಸಿದ. ಕೆಪಾಸಿಟರ್ ತಲೆ ಉಬ್ಬಿ ಸೀಳಿತ್ತು. ಕರೆಂಟ್ ಒಳಗೆ ಬರುವ ಕಡೆ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗದಲ್ಲಿ ಬರೀ ತಂತಿ ಬೆಸುಗೆ ಹಾಕಿದ್ದರು. (ನೀವಾಗಿ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.) ಆಮೇಲೆ ಲೇಬಲ್ ನೋಡಿದೆ. ಹೆಸರಿಗೆ 450 ವ್ಯಾಟ್. ಆದರೆ 12 ವೋಲ್ಟಿನ ಎದುರು ಬರೆದಿದ್ದು 16 ಆಂಪ್ಸ್. ಗುಣಿಸಿದರೆ ಬರೀ 192 ವ್ಯಾಟ್!

ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟಿನಿಂದಲೇ. ನಿಮ್ಮ 3060 ಒಂದಕ್ಕೇ 170 ವ್ಯಾಟ್ ಬೇಕು, ಪ್ರೊಸೆಸರಿಗೆ ಇನ್ನೊಂದು 75. ಆದ್ದರಿಂದ ಅಂಗಡಿಯಲ್ಲಿ ಡಬ್ಬದ ಮೇಲಿನ ದೊಡ್ಡ ನಂಬರ್ ಬಿಟ್ಟು ಈ ಸಾಲನ್ನೇ ಓದಿ. 40 ಆಂಪ್ಸ್‌ಗಿಂತ ಜಾಸ್ತಿ ಇರುವ 550 ವ್ಯಾಟಿನದು ನಿಮಗೆ ಧಾರಾಳವಾಗಿ ಆಗುತ್ತದೆ. ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ ಅದರಲ್ಲೇ ಇರಲಿ, ಅಡಾಪ್ಟರ್ ಹಾಕಿ ಜೋಡಿಸುವುದು ಬೇಡ.

ಡಬ್ಬದ ಮೇಲಿನ 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ ಅಷ್ಟೇ. ಬ್ರಾಂಜ್ ಸಾಕು. ನಮ್ಮ ಕಡೆಗೆ ಬೇಕಾದದ್ದು ಓವರ್ ವೋಲ್ಟೇಜ್, ಓವರ್ ಪವರ್, ಶಾರ್ಟ್ ಸರ್ಕ್ಯೂಟ್ ಪ್ರೊಟೆಕ್ಷನ್, ಮತ್ತೆ 5 ವರ್ಷದ ವಾರಂಟಿ.

ಇನ್‌ಪುಟ್ 100–240 ವೋಲ್ಟ್ ಅಂತ ಬರೆದಿರಲೇಬೇಕು. ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಶುರುವಾದರೆ ವೋಲ್ಟೇಜ್ ಹೇಗೆ ಬೀಳುತ್ತದೆ ಅಂತ ನಿಮಗೂ ಗೊತ್ತಲ್ವಾ? ಹಳೇ ಮಾದರಿಯವಕ್ಕೆ ಹಿಂದೆ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ವೋಲ್ಟೇಜ್ ಕಮ್ಮಿ ಇದೆ ಅಂತ ಅದನ್ನು 115ಕ್ಕೆ ತಳ್ಳಿದರೆ, ಕರೆಂಟ್ ಸರಿಯಾದ ಕ್ಷಣವೇ ಎಸ್‌ಎಂಪಿಎಸ್ ಒಡೆಯುತ್ತದೆ.

ಮನೆಯ ಇನ್ವರ್ಟರ್‌ಗೆ ಸೇರಿಸುವುದಾದರೆ ಅದು ಸೈನ್ ವೇವ್ ಇರಲಿ. ಈಗಿನ ಒಳ್ಳೇ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುತ್ತದೆ. ಸ್ಕ್ವೇರ್ ವೇವ್‌ಗೆ ಕೆಲವು ಹೊಂದುವುದಿಲ್ಲ, ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗಿಬಿಡುತ್ತದೆ.

ಎಷ್ಟೇ ಒಳ್ಳೇದು ತಂದರೂ ಸಿಡಿಲನ್ನು ಯಾವುದೂ ತಡೆಯುವುದಿಲ್ಲ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತುಬಿಡಿ, ರೌಟರಿಂದ ಬರುವ ಲ್ಯಾನ್ ವೈರನ್ನೂ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದರೆ ಅರ್ತಿಂಗ್ ಸರಿಯಿಲ್ಲ ಅಂತಲೇ ತಿಳಿಯಿರಿ. ಹೊಸ ಸಿಸ್ಟಮ್ ಮನೆಗೆ ಬರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅದೊಂದು ನೋಡಿಸಿ.