ಬಿಡ್ತೀವಿ ಅಂದದ್ದು ಒಂದೇ ದಿನ, ಬಿಡೋದಕ್ಕೆ ನಾಲ್ಕೂವರೆ ವರ್ಷ

ಪ್ರಶ್ನೆ: ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ ನಾಲ್ಕು ಜನ ಹಿರಿಯರು ಕೂತು ಮುಗಿಸಿಬಿಡುತ್ತಾರೆ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುತ್ತೇನೆ ಅಂತ ಜನರ ಮತವನ್ನೇ ಪಡೆದಿತ್ತು. ಆಮೇಲೂ ಅಷ್ಟು ವರ್ಷ ಎಳೆದಿದ್ದು ಯಾಕೆ? ತಪ್ಪು ಯಾರದ್ದು?
– ಓದುಗರೊಬ್ಬರು, ಹಾವೇರಿ

ಉತ್ತರ: ಪಾಲಾಗುವಾಗ ಹೊಲ, ಮನೆ, ಸಾಲ ಎಲ್ಲವೂ ಕಣ್ಣಮುಂದೆ ಇರುತ್ತವೆ. ಬ್ರಿಟನ್ ಬಿಡಿಸಿಕೊಳ್ಳಬೇಕಿದ್ದದ್ದು ನಿಯಮಗಳನ್ನು. 1973ರಿಂದ ಅದು ಈ ಕೂಟದ ಸದಸ್ಯ. ಯಾವ ಔಷಧಿ ಮಾರಬಹುದು, ಮಾಂಸವನ್ನು ಹೇಗೆ ಪರೀಕ್ಷಿಸಬೇಕು, ಯಾರ ಸಮುದ್ರದಲ್ಲಿ ಯಾರು ಎಷ್ಟು ಮೀನು ಹಿಡಿಯಬಹುದು, ಎಲ್ಲವೂ ಕೂಡಿ ಮಾಡಿದ ನಿಯಮಗಳಲ್ಲೇ ನಡೆಯುತ್ತಿತ್ತು. ಅದನ್ನು ಬಿಡಿಸುವುದು ನಿಧಾನದ ಕೆಲಸ, ನಿಜ. ಆದರೆ ತಡವಾಗಲು ಅದೇ ಮುಖ್ಯ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

2016ರ ಜೂನ್ 23ರಂದು ಜನರಿಗೆ ಕೇಳಿದ ಪ್ರಶ್ನೆ ಒಂದೇ: ಒಕ್ಕೂಟದಲ್ಲಿ ಇರೋಣವೋ, ಬಿಡೋಣವೋ? ಶೇ 51.9ರಷ್ಟು ಮಂದಿ ಬಿಡೋಣ ಅಂದರು, ಶೇ 48.1ರಷ್ಟು ಮಂದಿ ಇರೋಣ ಅಂದರು. ಬಿಟ್ಟು ಹೇಗೆ ಬದುಕೋಣ ಅಂತ ಮತಪತ್ರ ಕೇಳಲೇ ಇಲ್ಲ. ನಾರ್ವೆ ಒಕ್ಕೂಟದ ಸದಸ್ಯ ಅಲ್ಲ, ಆದರೂ ಅದರ ಮಾರುಕಟ್ಟೆಯೊಳಗಿದೆ. ಅದಕ್ಕೆ ಪ್ರತಿಯಾಗಿ ಹಣ ಕೊಡುತ್ತದೆ, ಒಕ್ಕೂಟದ ಜನ ಬಂದು ದುಡಿಯಲು ಬಿಡುತ್ತದೆ. ಕೆನಡಾ ದೂರದಲ್ಲೇ ನಿಂತು ಬರೀ ವ್ಯಾಪಾರ ಒಪ್ಪಂದ ಮಾಡಿಕೊಂಡಿದೆ. ‘ಬಿಡೋಣ’ ಅಂದವರಲ್ಲಿ ನಾರ್ವೆಯ ದಾರಿ ಬೇಕೆನ್ನುವವರೂ ಇದ್ದರು, ಕೆನಡಾದ ದಾರಿ ಬೇಕೆನ್ನುವವರೂ ಇದ್ದರು. ಯಾವ ಒಪ್ಪಂದವನ್ನೂ ಬೇಡ ಅನ್ನುವವರೂ ಇದ್ದರು.

ಇದನ್ನು ಮೊದಲು ಮನೆಯೊಳಗೆ ಇತ್ಯರ್ಥ ಮಾಡಿಕೊಳ್ಳಬೇಕಿತ್ತು. ಪ್ರಧಾನಿ ತೆರೇಸಾ ಮೇ ಹಾಗೆ ಮಾಡಲಿಲ್ಲ. 2017ರ ಮಾರ್ಚ್ 29ರಂದು ಒಕ್ಕೂಟಕ್ಕೆ ಪತ್ರ ಕೊಟ್ಟೇಬಿಟ್ಟರು. ಒಕ್ಕೂಟದ ಒಪ್ಪಂದದ 50ನೇ ವಿಧಿಯ ಪ್ರಕಾರ ಪತ್ರ ಕೊಟ್ಟ ದಿನದಿಂದ ಎರಡು ವರ್ಷದ ಗಡುವು ಶುರು. ಅದನ್ನು ಮುಂದೂಡಬೇಕಾದರೆ ಉಳಿದ 27 ದೇಶಗಳೂ ಒಪ್ಪಬೇಕು. ಅಂದರೆ ದಿನ ಕಳೆದಷ್ಟೂ ಒತ್ತಡ ಬೀಳುವುದು ಬಿಡುವವರ ಮೇಲೆ. ಇಡೀ ಪ್ರಸಂಗದಲ್ಲಿ ಅತಿ ದೊಡ್ಡ ತಪ್ಪು ಇದೇ ಅಂತ ನಾನು ಹೇಳುತ್ತೇನೆ. ಇದಾದ ಮೇಲೆ ಇನ್ನೊಂದು ಎಡವಟ್ಟಾಯಿತು. ಕೈ ಬಲವಾಗಲಿ ಅಂತ ಮೇ ಆ ಜೂನ್‌ನಲ್ಲೇ ಚುನಾವಣೆಗೆ ಹೋದರು, ಇದ್ದ ಬಹುಮತವನ್ನೂ ಕಳೆದುಕೊಂಡರು. ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಇರಬೇಕು ಅನ್ನುವ, ಅಲ್ಲಿನ ಡಿಯುಪಿ ಎಂಬ ಸಣ್ಣ ಪಕ್ಷದ 10 ಸಂಸದರ ಬೆಂಬಲದ ಮೇಲೆ ಸರ್ಕಾರ ನಿಂತಿತು.

ಈ ಕಥೆಯ ಗಂಟು ಬಿದ್ದಿದ್ದೂ ಅದೇ ಉತ್ತರ ಐರ್ಲೆಂಡಿನಲ್ಲಿ. ಐರ್ಲೆಂಡ್ ದ್ವೀಪದ ಉತ್ತರ ಭಾಗ ಬ್ರಿಟನ್ನಿನದು, ಉಳಿದದ್ದು ಸ್ವತಂತ್ರ ದೇಶ, ಒಕ್ಕೂಟದ ಸದಸ್ಯ. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಅದನ್ನು ದಾಟುವ ರಸ್ತೆಗಳೇ ಇನ್ನೂರಕ್ಕೂ ಹೆಚ್ಚು. ಒಂದು ಕಾಲದಲ್ಲಿ ಅಲ್ಲಿ ಸೈನಿಕರ ಕಾವಲು ಗೋಪುರಗಳಿದ್ದವು. ಉತ್ತರ ಭಾಗ ಬ್ರಿಟನ್ನಿನಲ್ಲೇ ಇರಬೇಕು ಅನ್ನುವವರು, ಐರ್ಲೆಂಡಿಗೆ ಸೇರಬೇಕು ಅನ್ನುವವರ ನಡುವಿನ ಮೂವತ್ತು ವರ್ಷದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಆ ಗೋಪುರಗಳು ಒಂದೊಂದಾಗಿ ಹೋದವು. ಈಗ ಕಾರಿನಲ್ಲಿ ಹೋಗುವವರಿಗೆ ಗಡಿ ದಾಟಿದ್ದು ಗೊತ್ತಾಗುವುದು ಬೋರ್ಡಿನಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗ. ಉತ್ತರದ ಹಸುಗಳ ಹಾಲು ದಕ್ಷಿಣದ ಡೇರಿಗಳಿಗೆ ಹೋಗುತ್ತದೆ. ಎರಡೂ ಕಡೆ ಒಂದೇ ನಿಯಮ ಇದ್ದದ್ದರಿಂದ ಯಾರೂ ಲಾರಿ ತಡೆಯುತ್ತಿರಲಿಲ್ಲ.

ಬ್ರಿಟನ್ ಹೊರಬಂದರೆ ನಿಯಮ ಬೇರೆ, ಸುಂಕ ಬೇರೆ. ಆಗ ಲಾರಿಯನ್ನು ಎಲ್ಲಾದರೂ ನಿಲ್ಲಿಸಿ ನೋಡಲೇಬೇಕು. ಆ ಗಡಿಯಲ್ಲೇ ನೋಡಿದರೆ ಹಳೆಯ ಗಾಯ ಕೆರೆದಂತೆ. ಬ್ರಿಟನ್ ಮತ್ತು ಉತ್ತರ ಐರ್ಲೆಂಡ್ ನಡುವಿನ ಸಮುದ್ರದ ಬಂದರಿನಲ್ಲಿ ನೋಡಿದರೆ ಒಂದೇ ದೇಶದ ಎರಡು ತುಂಡುಗಳ ನಡುವೆ ಗೆರೆ ಎಳೆದಂತೆ. ಎಲ್ಲೂ ಬೇಡ ಅಂದರೆ ಇಡೀ ಬ್ರಿಟನ್ ಒಕ್ಕೂಟದ ನಿಯಮಗಳನ್ನೇ ಪಾಲಿಸಬೇಕು. ಹಾಗಾದರೆ ಬಿಟ್ಟು ಏನು ಬಂತು? ಈ ಮೂರನ್ನು ಬಿಟ್ಟು ನಾಲ್ಕನೆಯ ದಾರಿ ಇರಲಿಲ್ಲ.

ಒಂದು ದಿನದ ಘಟನೆ ಹೇಳುತ್ತೇನೆ. 2017ರ ಡಿಸೆಂಬರ್ 4ರಂದು ಮೇ ಬ್ರಸೆಲ್ಸ್‌ನಲ್ಲಿ ಒಕ್ಕೂಟದ ಆಯೋಗದ ಅಧ್ಯಕ್ಷ ಜಾನ್ ಕ್ಲೋಡ್ ಯುಂಕರ್ ಜೊತೆ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಒಪ್ಪಂದದ ಮಾತುಗಳು ತಯಾರಾಗಿದ್ದವು. ಅಷ್ಟರಲ್ಲಿ ಉತ್ತರ ಐರ್ಲೆಂಡಿಗೆ ಬೇರೆ ನಿಯಮ ಒಪ್ಪುವುದಿಲ್ಲ ಅಂತ ಡಿಯುಪಿ ನಾಯಕಿ ಆರ್ಲೀನ್ ಫಾಸ್ಟರ್ ಹೇಳಿಬಿಟ್ಟರು. ಮೇ ಊಟದ ನಡುವೆಯೇ ಎದ್ದು ಅವರ ಜೊತೆ ಫೋನಿನಲ್ಲಿ ಮಾತಾಡಿದರು. ಆ ದಿನ ಒಪ್ಪಂದ ಆಗಲಿಲ್ಲ. ನಾಲ್ಕು ದಿನದ ನಂತರ, ಮಾತುಗಳನ್ನು ತಿದ್ದಿ, ಮುಂದಡಿ ಇಟ್ಟರು. ಚೌಕಾಸಿ ನಿಜವಾಗಿ ಯಾರ ಯಾರ ನಡುವೆ ಇತ್ತು ಅನ್ನೋದು ಇದರಲ್ಲೇ ಕಾಣುತ್ತದೆ, ಅಲ್ವಾ?

ಮುಂದೆ ಮೇ ತಂದ ಒಪ್ಪಂದದ ಸಾರ ಹೀಗಿತ್ತು: ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲೇ ಇರುತ್ತದೆ. ಇದರಿಂದ ಎಂದಿಗೂ ಬಿಡುಗಡೆ ಇಲ್ಲ ಅಂತ ಅವರದೇ ಪಕ್ಷದವರು ಹೆದರಿದರು. 2019ರ ಜನವರಿ 15ರಂದು ಸಂಸತ್ತು 432–202 ಮತಗಳಿಂದ ಅದನ್ನು ತಳ್ಳಿಹಾಕಿತು. ಬ್ರಿಟನ್ನಿನಲ್ಲಿ ಯಾವ ಸರ್ಕಾರವೂ ಅಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ. ಮತ್ತೆ ಎರಡು ಸಲ ತಂದರು, ಎರಡೂ ಸಲ ಸೋತರು.

ಸರಿ, ಸಂಸತ್ತಿಗೆ ಬೇಕಾದದ್ದಾದರೂ ಏನು? ಮಾರ್ಚ್ 27ರಂದು ಸಂಸದರು ಎಂಟು ದಾರಿಗಳ ಮೇಲೆ ಮತ ಹಾಕಿದರು. ಎಂಟೂ ಬಿದ್ದವು. ಏಪ್ರಿಲ್ 1ರಂದು ನಾಲ್ಕು ದಾರಿಗಳನ್ನು ಇಟ್ಟರು. ನಾಲ್ಕೂ ಬಿದ್ದವು. ಸುಂಕ ಒಕ್ಕೂಟದಲ್ಲಿ, ಅಂದರೆ ಐರೋಪ್ಯ ಒಕ್ಕೂಟದ ಜೊತೆ ಒಂದೇ ಸುಂಕ ವ್ಯವಸ್ಥೆಯಲ್ಲಿ, ಉಳಿಯುವ ಪ್ರಸ್ತಾಪ ಬರೀ ಮೂರು ಮತದಲ್ಲಿ ಸೋತಿತು, 273ಕ್ಕೆ 276. ನನಗೆ ಈಗಲೂ ಸಂಕಟವಾಗುವುದು ಆ ರಾತ್ರಿಯ ಲೆಕ್ಕ ನೋಡಿದಾಗ. ಇಬ್ಬರು ಮನಸ್ಸು ಬದಲಿಸಿದ್ದರೆ ಒಂದು ನಡುವಿನ ದಾರಿಗೆ ಬಹುಮತ ಸಿಗುತ್ತಿತ್ತು.

ಉಳಿದದ್ದು ಬೇಗ ಹೇಳಬಹುದು. ಗಡುವು ಮೂರು ಸಲ ಮುಂದೆ ಹೋಯಿತು. ಮೇ ಹೋಗಿ ಬೋರಿಸ್ ಜಾನ್ಸನ್ ಬಂದರು. ಅವರು ಸಮುದ್ರದ ಗೆರೆಯನ್ನು ಒಪ್ಪಿಕೊಂಡರು, ಡಿಸೆಂಬರ್ ಚುನಾವಣೆಯಲ್ಲಿ ದೊಡ್ಡ ಬಹುಮತ ಪಡೆದರು. 2020ರ ಜನವರಿ 31ರಂದು ಬ್ರಿಟನ್ ಹೊರಬಂತು, ಆದರೆ ಆ ವರ್ಷದ ಕೊನೆಯವರೆಗೆ ಹಳೆಯ ನಿಯಮಗಳೇ ನಡೆದವು. ವ್ಯಾಪಾರ ಒಪ್ಪಂದ ಆದದ್ದು ಆ ವರ್ಷದ ಡಿಸೆಂಬರ್ 24ಕ್ಕೆ, ಹಳೆಯ ನಿಯಮಗಳು ಮುಗಿಯಲು ಒಂದು ವಾರ ಇದ್ದಾಗ.

ಒಕ್ಕೂಟ ಬೇಕಂತಲೇ ಸತಾಯಿಸಿತು ಅನ್ನುವವರಿದ್ದಾರೆ. ಅದು ಗಟ್ಟಿಯಾಗಿ ಚೌಕಾಸಿ ಮಾಡಿತು, ನಿಜ. ನಾಗರಿಕರ ಹಕ್ಕು, ಬಾಕಿ ಹಣ, ಐರ್ಲೆಂಡ್ ಗಡಿ ಇವು ಮೊದಲು, ವ್ಯಾಪಾರದ ಮಾತು ಆಮೇಲೆ ಅಂತ ಹಟ ಹಿಡಿಯಿತು. ಆದರೆ ಮಿಶೆಲ್ ಬಾರ್ನಿಯೆ ಎಂಬ ಒಬ್ಬರೇ ಅದರ ಪರವಾಗಿ ಉದ್ದಕ್ಕೂ ಮಾತಾಡಿದರು, ಹೊರಬರುವ ಒಪ್ಪಂದಕ್ಕೂ ಅವರೇ, ಆಮೇಲಿನ ವ್ಯಾಪಾರ ಒಪ್ಪಂದಕ್ಕೂ ಅವರೇ. ಬ್ರಿಟನ್ ಕಡೆ ಡೇವಿಡ್ ಡೇವಿಸ್, ಡಾಮಿನಿಕ್ ರಾಬ್, ಸ್ಟೀಫನ್ ಬಾರ್ಕ್ಲೇ ಅಂತ ಮಂತ್ರಿಗಳು ಬದಲಾಗುತ್ತಲೇ ಹೋದರು. ಮೊದಲಿನ ಇಬ್ಬರು ತಮ್ಮದೇ ಪ್ರಧಾನಿಯ ಯೋಜನೆ ಒಪ್ಪದೆ ರಾಜೀನಾಮೆ ಕೊಟ್ಟವರು. ಹಾಗಾಗಿ ತಪ್ಪು ಜಾಸ್ತಿ ಲಂಡನ್ನಿನದೇ ಅನ್ನೋದು ನನ್ನ ಉತ್ತರ.

ಪ್ರಶ್ನೆ: ಲಂಡನ್ನಿನಲ್ಲಿರುವ ನಮ್ಮ ಭಾವ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ 2016ರಲ್ಲಿ ಮತ ಹಾಕಿದ್ದೆ ಅನ್ನುತ್ತಾರೆ. ಇದು ಸಾಧ್ಯವೇ? ಬ್ರಿಟನ್ ಹೊರಬಂದ ಈ ಬ್ರೆಕ್ಸಿಟ್‌ನಿಂದ ನಮ್ಮವರಿಗೆ ಏನಾದರೂ ಬದಲಾಯಿತೇ?
– ಓದುಗರು, ಮೈಸೂರು

ಉತ್ತರ: ಸಾಧ್ಯ. ಬ್ರಿಟನ್ನಿನಲ್ಲಿ ನೆಲೆಸಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಕಾಮನ್‌ವೆಲ್ತ್ ದೇಶಗಳ ನಾಗರಿಕರಿಗೆ ಆ ಮತದಾನದಲ್ಲಿ ಹಕ್ಕಿತ್ತು. ಹಾಗಾಗಿ ಅಲ್ಲಿನ ಒಬ್ಬ ಕನ್ನಡಿಗ ಎಂಜಿನಿಯರ್ ಮತ ಹಾಕಬಹುದಿತ್ತು, ಪಕ್ಕದ ಮನೆಯ ಫ್ರಾನ್ಸಿನವರು ಇಪ್ಪತ್ತು ವರ್ಷ ಅಲ್ಲೇ ದುಡಿದಿದ್ದರೂ ಹಾಕುವಂತಿರಲಿಲ್ಲ. ಅವರ ಬದುಕೇ ಆ ಮತದ ಮೇಲೆ ನಿಂತಿತ್ತು. ಇದು ನನಗೆ ಸರಿ ಕಾಣುವುದಿಲ್ಲ.

ಬದಲಾವಣೆ ಆಗಿದೆ. 2021ರ ಜನವರಿಯಿಂದ ಹೊಸದಾಗಿ ಕೆಲಸಕ್ಕೆ ಬರುವ ಯುರೋಪಿನವರಿಗೂ ಭಾರತದವರಿಗೂ ಕೆಲಸ, ಸಂಬಳ, ಭಾಷೆ ನೋಡಿ ಅಂಕ ಕೊಡುವ ವೀಸಾ ನಿಯಮ ಒಂದೇ. ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳುತ್ತೇನೆ: ಮೊದಲು ಬ್ರಿಟನ್ ವೀಸಾ ಇದ್ದರೆ ಯುರೋಪ್ ಪೂರ್ತಿ ಸುತ್ತಬಹುದಿತ್ತು ಅಂತ ಕೆಲವರು ಅಂದುಕೊಂಡಿದ್ದಾರೆ. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಲು ಬಿಡುವ ಷೆಂಗೆನ್ ವ್ಯವಸ್ಥೆಯಲ್ಲಿ ಬ್ರಿಟನ್ ಎಂದೂ ಇರಲೇ ಇಲ್ಲ. ಆಗಲೂ ಬೇರೆ ವೀಸಾ ಬೇಕಿತ್ತು, ಈಗಲೂ ಬೇಕು. ಇನ್ನು, ಒಕ್ಕೂಟದೊಳಗಿದ್ದಾಗ ಬ್ರಿಟನ್ ತಾನೊಂದೇ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. 2025ರ ಜುಲೈ 24ರಂದು ಭಾರತದ ಜೊತೆ ಸಹಿ ಹಾಕಿದ್ದು ಹೊರಬಂದ ಮೇಲೆ ಸಿಕ್ಕ ಸ್ವಾತಂತ್ರ್ಯದಿಂದ.

ಪ್ರಶ್ನೆ: ಅಂತೂ ಈಗ ಎಲ್ಲ ಮುಗಿಯಿತೇ?
– ಕಾಲೇಜು ವಿದ್ಯಾರ್ಥಿನಿ, ಕಾರವಾರ

ಉತ್ತರ: ಇಲ್ಲಮ್ಮ. ಸಮುದ್ರದ ಗೆರೆಯ ಜಗಳವನ್ನು ತಣ್ಣಗಾಗಿಸಲು 2023ರ ಫೆಬ್ರುವರಿಯಲ್ಲಿ ವಿಂಡ್ಸರ್ ಒಪ್ಪಂದ ಮಾಡಬೇಕಾಯಿತು. ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ತಪಾಸಣೆ ಕಡಿಮೆ, ಅಲ್ಲಿಂದ ಒಕ್ಕೂಟದೊಳಗೆ ಹೋಗಬಹುದಾದ ಸರಕಿಗೆ ಪೂರ್ತಿ ತಪಾಸಣೆ ಅಂತ ಹಡಗುಕಟ್ಟೆಯಲ್ಲಿ ಎರಡು ಸಾಲು ಮಾಡಿದರು. 2025ರ ಮೇ 19ರಂದು ಎರಡೂ ಕಡೆಯವರು ಲಂಡನ್ನಿನಲ್ಲಿ ಮತ್ತೆ ಮಾತಿಗೆ ಕೂತರು. ಅಲ್ಲಿ ಎದ್ದದ್ದು ನಿಮ್ಮ ಊರಿನವರಿಗೆ ಚೆನ್ನಾಗಿ ಅರ್ಥವಾಗುವ ವಿಷಯ, ಮೀನು. ಒಕ್ಕೂಟದ ದೋಣಿಗಳು ಬ್ರಿಟನ್ನಿನ ಸಮುದ್ರದಲ್ಲಿ ಬಲೆ ಬೀಸಲು ಇರುವ ಅವಕಾಶವನ್ನು 2038ರವರೆಗೆ ಮುಂದುವರಿಸಲು ಒಪ್ಪಿದರು.