‘ತಾ’ ಎನ್ನುವ ನಾಲಿಗೆಗೆ ‘ಹಿ’ ಮತ್ತು ‘ಶಿ’

ಭಾಷಾ ಕಲಿಕೆಯ ಕುರಿತ ಈ ಅಂಕಣಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಮೂರು ಕಡೆಯಿಂದ ಮುಟ್ಟಿವೆ. ಆದ್ದರಿಂದ ಅವುಗಳನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 28 ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ನಮ್ಮ ಮಹಡಿ ಮನೆಯಲ್ಲಿ ಚೀನಾದಿಂದ ಬಂದ ದಂಪತಿ ಬಾಡಿಗೆಗೆ ಇದ್ದಾರೆ. ಹೆಂಡತಿ ದಿನವೂ ಸಂಜೆ ನನ್ನಲ್ಲಿ ಇಂಗ್ಲಿಷ್ ಕಲಿಯಲು ಬರುತ್ತಾರೆ. ಬಿಟ್ಟ ಸ್ಥಳ ತುಂಬುವ ಅಭ್ಯಾಸಗಳಲ್ಲಿ ಒಂದು ತಪ್ಪೂ ಮಾಡದ ಅವರು, ಮಾತಿಗೆ ಕೂತರೆ ‘ಯೆಸ್ಟರ್‌ಡೇ ಐ ಗೋ’ ಎನ್ನುತ್ತಾರೆ, ‘ತ್ರೀ ಬುಕ್’ ಎನ್ನುತ್ತಾರೆ, ತಮ್ಮ ತಾಯಿಯನ್ನೇ ‘ಹಿ’ ಎನ್ನುತ್ತಾರೆ. ನಿಯಮ ಗೊತ್ತಿದ್ದೂ ಹೀಗೇಕೆ? ನಮ್ಮ ಮಕ್ಕಳು ಈ ತಪ್ಪುಗಳನ್ನು ಇಷ್ಟು ಮಾಡುವುದಿಲ್ಲ.
– ಓರ್ವ ಓದುಗರು, ಬಸವನಗುಡಿ

ಉತ್ತರ: ಮೇಡಂ, ಅವರದು ಅಜಾಗರೂಕತೆಯಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡರೆ ನಿಮ್ಮ ಸಂಜೆಯ ಪಾಠದ ದಾರಿಯೇ ಬದಲಾಗುತ್ತದೆ. ಚೀನಾದ ಬಹುತೇಕ ಪ್ರಾಂತ್ಯಗಳಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ 750 ಅಂಕಗಳಲ್ಲಿ 150 ಅಂಕ ವಿದೇಶಿ ಭಾಷೆಗೆ ಮೀಸಲು, ಮತ್ತು ಆ ವಿದೇಶಿ ಭಾಷೆ ಹೆಚ್ಚಿನವರಿಗೆ ಇಂಗ್ಲಿಷೇ. ಹಾಗೆ ತಯಾರಾಗಿ ಬಂದವರಿಗೆ ಕಾಗದದ ಮೇಲಿನ ನಿಯಮಗಳನ್ನು ಮತ್ತೆ ಹೇಳಿಕೊಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವರ ತಾಯ್ನುಡಿ ಯಾವುದನ್ನು ಕೇಳುವುದಿಲ್ಲವೋ ಅದನ್ನು ಇಂಗ್ಲಿಷ್ ಪ್ರತಿ ವಾಕ್ಯದಲ್ಲೂ ಕೇಳುತ್ತದೆ. ತೊಡಕು ಇರುವುದು ಅಲ್ಲಿ.

ಮ್ಯಾಂಡರಿನ್ ಚೀನೀ ಭಾಷೆಯಲ್ಲಿ ಅವನು, ಅವಳು, ಅದು ಈ ಮೂರಕ್ಕೂ ಉಚ್ಚಾರ ಒಂದೇ: ‘ತಾ’. ಬರೆಯುವಾಗ ಮೂರು ಬೇರೆ ಬೇರೆ ಅಕ್ಷರಗಳಿವೆ. ಆದರೆ ‘ಅವಳು’ ಎಂಬುದಕ್ಕೆ ಪ್ರತ್ಯೇಕ ಅಕ್ಷರ ಬಳಕೆಗೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ, ಕವಿ ಲಿಯು ಬನ್‌ನುಂಗ್ ಮೊದಲಾದವರ ಪ್ರಯತ್ನದಿಂದ. ಮಾತಿನಲ್ಲಿ ಆ ಭೇದ ಇಂದಿಗೂ ಇಲ್ಲ. ಇದು ನಮಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. ‘ಅವರು ಬಂದರು’ ಎಂದು ಗೌರವದಿಂದ ಹೇಳುವಾಗ ಬಂದವರು ಗಂಡಸೋ ಹೆಂಗಸೋ ಎಂದು ನಾವೂ ಯೋಚಿಸುವುದಿಲ್ಲ. ಪ್ರತಿಯೊಬ್ಬರ ಬಗ್ಗೆಯೂ ಸದಾ ‘ಅವರು’ ಎಂದೇ ಆಡಿ ಬೆಳೆದವರು ಒಮ್ಮೆಲೇ ‘ಹಿ’ ಮತ್ತು ‘ಶಿ’ ಆರಿಸಬೇಕಾದರೆ ಎಷ್ಟು ತಡವರಿಸುತ್ತಾರೆಂದು ಊಹಿಸಿ ನೋಡಿ. ಒಂದು ಕುಟುಂಬದ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು, ಎರಡು ನಿಮಿಷ ತಾಯಿಯ ಬಗ್ಗೆ, ಎರಡು ನಿಮಿಷ ತಂದೆಯ ಬಗ್ಗೆ, ಆಮೇಲೆ ಇಬ್ಬರನ್ನೂ ಬೆರೆಸಿ ಮಾತಾಡಿಸಿ. ಆ ಹೊತ್ತಿನಲ್ಲಿ ಈ ಒಂದು ತಪ್ಪನ್ನು ಮಾತ್ರ ತಿದ್ದಿ, ಉಳಿದವನ್ನು ಹಾಗೇ ಬಿಡಿ.

‘ತ್ರೀ ಬುಕ್’ ಎಂಬುದೂ ಅಷ್ಟೇ. ಅಂಗಡಿಯಲ್ಲಿ ನಾವು ‘ಮೂರು ಪುಸ್ತಕ ಕೊಡಿ’ ಎನ್ನುತ್ತೇವೆಯೇ ಹೊರತು ‘ಮೂರು ಪುಸ್ತಕಗಳನ್ನು ಕೊಡಿ’ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಸಂಖ್ಯೆ ಹೇಳಿದ ಮೇಲೆ ಬಹುವಚನ ಏಕೆ ಎಂಬ ತರ್ಕ ಚೀನೀ ಭಾಷೆಯಲ್ಲಿಯೂ ಇದೆ.

ಕಾಲದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಹೆಚ್ಚಿನ ಶಿಕ್ಷಕರು ಎಡವುವುದು ಇಲ್ಲಿಯೇ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ಲ’ ಎಂಬ ಪ್ರತ್ಯಯದಂಥ ಪದವೊಂದನ್ನು ಕ್ರಿಯಾಪದದ ಪಕ್ಕದಲ್ಲಿ ಇಡುತ್ತಾರೆ. ಅದು ಭೂತಕಾಲದ ಗುರುತೆಂದು ವಿದ್ಯಾರ್ಥಿಗಳೂ ಕೆಲವು ಶಿಕ್ಷಕರೂ ನಂಬಿರುತ್ತಾರೆ. ವಾಸ್ತವದಲ್ಲಿ ಅದು ಕೆಲಸ ಮುಗಿದದ್ದನ್ನು ತೋರಿಸುತ್ತದೆ, ಕಾಲವನ್ನಲ್ಲ. ನಾವು ‘ನಾಳೆ ಊಟ ಮಾಡಿದ ಮೇಲೆ ಬರುತ್ತೇನೆ’ ಎನ್ನುತ್ತೇವೆ. ಊಟ ಇನ್ನೂ ಆಗಿಲ್ಲ, ಆದರೂ ‘ಮಾಡಿದ’ ಎಂಬ ಭೂತ ರೂಪವನ್ನೇ ಬಳಸಿದೆವು. ಚೀನೀಯರೂ ಇಂಥ ನಾಳಿನ ಮಾತಿಗೆ ‘ಲ’ ಬಳಸುತ್ತಾರೆ. ಅದಕ್ಕೆ ವಿರುದ್ಧವಾಗಿ, ‘ಚಿಕ್ಕಂದಿನಲ್ಲಿ ನಾನು ಹಳ್ಳಿಯಲ್ಲಿ ಇದ್ದೆ’ ಎಂಬಂಥ, ಮುಕ್ತಾಯವೆಂಬುದೇ ಇಲ್ಲದ ಹಳೆಯ ಸ್ಥಿತಿಯನ್ನು ಹೇಳುವಾಗ ಅವರಿಗೆ ‘ಲ’ ಬೇಕಾಗುವುದಿಲ್ಲ. ಆದ್ದರಿಂದ ‘ಐ ಬಾಟ್’, ‘ಐ ಫಿನಿಶ್ಡ್’ ಎಂದು ಸರಿಯಾಗಿ ಹೇಳುವವರೇ ‘ವೆನ್ ಐ ವಾಸ್ ಯಂಗ್, ಐ ಲಿವ್ ಇನ್ ಎ ವಿಲೇಜ್’ ಎಂದುಬಿಡುತ್ತಾರೆ. ನಿಮ್ಮ ವಿದ್ಯಾರ್ಥಿನಿಯಿಂದ ಬಾಲ್ಯದ ನೆನಪುಗಳನ್ನು, ಆಗಿನ ಅಭ್ಯಾಸಗಳನ್ನು, ಆಗಿನ ಮನೆಯನ್ನು ಹೇಳಿಸಿ. ನಿನ್ನೆಯ ಖರೀದಿಯ ವರದಿಗಿಂತ ಅಲ್ಲಿಯೇ ಹೆಚ್ಚು ಅಭ್ಯಾಸ ಬೇಕು.

ನೀವು ಕೇಳದಿದ್ದರೂ ‘ಎ’ ಮತ್ತು ‘ದಿ’ ಬಗ್ಗೆ ಒಂದು ಮಾತು ಹೇಳಲೇಬೇಕು. ಚೀನೀ ಭಾಷೆಯಲ್ಲಿ ಇವೆರಡೂ ಇಲ್ಲ. ಆದರೆ ಆ ಅರ್ಥಭೇದ ಇದೆ. ‘ಖ ರನ್ ಲಾಯ್ ಲ’ ಎಂದರೆ ನಾವು ಕಾಯುತ್ತಿದ್ದ ಅತಿಥಿಗಳು ಬಂದರು ಎಂದು. ಪದಗಳನ್ನು ಹಿಂದುಮುಂದು ಮಾಡಿ ‘ಲಾಯ್ ಖ ರನ್ ಲ’ ಎಂದರೆ ಯಾರೋ ಅತಿಥಿಗಳು ಬಂದಿದ್ದಾರೆ ಎಂದು. ಕನ್ನಡದಲ್ಲಿ ‘ಪುಸ್ತಕ ಕೊಂಡೆ’ ಮತ್ತು ‘ಪುಸ್ತಕವನ್ನು ಕೊಂಡೆ’ ಎಂಬುದರ ನಡುವೆ ಇಂಥದೇ ಒಂದು ವ್ಯತ್ಯಾಸ ಕೇಳಿಸುತ್ತದೆ. ಗೊತ್ತಿರುವುದು ಕ್ರಿಯಾಪದಕ್ಕೆ ಮೊದಲು, ಹೊಸದು ಅದರ ನಂತರ ಎಂಬ ಅವರದೇ ಅರಿವನ್ನು ಆಧಾರವಾಗಿ ಹಿಡಿದು ಆರಂಭಿಸಿ. ಎಲ್ಲ ಸಂದರ್ಭಗಳಿಗೂ ಇದು ಸಾಲದು, ಆದರೂ ನಿಯಮಗಳ ಉದ್ದನೆಯ ಪಟ್ಟಿಗಿಂತ ಇದು ಅವರಿಗೆ ಬೇಗ ಒಗ್ಗುತ್ತದೆಂಬುದು ನನ್ನ ನಂಬಿಕೆ.

ಇನ್ನು ಗೊತ್ತಿರುವ ನಿಯಮ ನಾಲಿಗೆಗೆ ಇಳಿಯುವ ಬಗೆ. ಇದಕ್ಕೆ ಉತ್ತರ ಹುಡುಕಿದ ಒಂದು ದೊಡ್ಡ ಪ್ರಯತ್ನ ನಮ್ಮ ಊರಿನ ಹೆಸರನ್ನೇ ಹೊತ್ತಿದೆ. ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾ ಶಿಕ್ಷಕರ ನಡುವೆ ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧವಾಯಿತು. ವ್ಯಾಕರಣವನ್ನು ಪಾಠವಾಗಿ ಮಾಡದೆ, ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಿಲುವು. ಚೀನಾ ಸರ್ಕಾರ 2001ರಲ್ಲಿ ಹೊರಡಿಸಿದ ಇಂಗ್ಲಿಷ್ ಪಠ್ಯಕ್ರಮವೂ ಹೀಗೆ ಕೆಲಸ ಕೊಟ್ಟು ಭಾಷೆ ಕಲಿಸುವ ಕಾರ್ಯಾಧಾರಿತ ಬೋಧನೆಯನ್ನೇ ಶಿಫಾರಸು ಮಾಡಿತು. ನಿಮ್ಮ ಮನೆಯಲ್ಲಿ ಇದಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಗಾಂಧಿ ಬಜಾರಿಗೆ ಕರೆದೊಯ್ಯಿರಿ, ಹಿಂತಿರುಗಿದ ಮೇಲೆ ಏನು ಕೊಂಡಿರಿ, ಎಷ್ಟು ಚಿಲ್ಲರೆ ಉಳಿಯಬೇಕಿತ್ತು, ಹೂವಿನವರು ಏನೆಂದರು ಎಂದು ಲೆಕ್ಕ ಒಪ್ಪಿಸಲು ಹೇಳಿ.

ಪ್ರಶ್ನೆ: ನಾನು ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿದ್ದೇನೆ. ಶಾಂಘೈಯಲ್ಲಿರುವ ನಮ್ಮ ತಂಡದವರು ಇಮೇಲ್ ಓದಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಕರೆಯಲ್ಲಿ ನಾನು ಹೇಳಿದ್ದು ಅವರಿಗೆ ತಿಳಿಯುವುದೇ ಇಲ್ಲ. ಕೇಳುವ ಸಾಮರ್ಥ್ಯ ಹೆಚ್ಚಿಸಿಕೊಳ್ಳಲು ಅವರಿಗೆ ಏನು ಸೂಚಿಸಲಿ?
– ಓರ್ವ ಓದುಗರು, ಕಾಡುಗೋಡಿ

ಉತ್ತರ: ಅವರಿಗೆ ಸೂಚಿಸುವ ಮೊದಲು ನೀವು ಮಾಡಬೇಕಾದದ್ದು ಸ್ವಲ್ಪ ಇದೆ. ಮ್ಯಾಂಡರಿನ್ ಚೀನೀ ಭಾಷೆಯಲ್ಲಿ ‘ಬ’ ಎಂಬ ಘೋಷ ಧ್ವನಿ, ಅಂದರೆ ಗಂಟಲು ಕಂಪಿಸಿ ಹೊರಡುವ ಧ್ವನಿ, ಇಲ್ಲ. ರೋಮನ್ ಲಿಪಿಯಲ್ಲಿ ಬೀಜಿಂಗ್ ಎಂದು ಬರೆಯುವ ಊರಿನ ಹೆಸರು ಅವರ ಬಾಯಲ್ಲಿ ‘ಪೆಯ್‌ಚಿಂಗ್’ ಎಂಬುದಕ್ಕೆ ಹತ್ತಿರ. ಅವರ ಕಿವಿ ‘ಪ’ ಮತ್ತು ‘ಬ’ಗಳನ್ನು ಬೇರ್ಪಡಿಸುವುದು ಉಸಿರಿನ ಬಲದಿಂದ, ಅಂದರೆ ನಾವು ಅಲ್ಪಪ್ರಾಣ ಮತ್ತು ಮಹಾಪ್ರಾಣ ಎನ್ನುವ ಭೇದದಿಂದ. ನಾವು ‘ಪಿನ್’ ಎಂಬ ಇಂಗ್ಲಿಷ್ ಪದವನ್ನು ಉಸಿರಿಲ್ಲದ ‘ಪ’ದಿಂದ ಹೇಳುತ್ತೇವೆ, ಅದು ಅವರಿಗೆ ‘ಬಿನ್’ ಎಂದು ಕೇಳಿಸಿದರೆ ತಪ್ಪು ಅವರ ಕಿವಿಯದಲ್ಲ. ಪದದ ಆರಂಭದ ಪ, ಟ, ಕ ಧ್ವನಿಗಳಿಗೆ ಸ್ವಲ್ಪ ಉಸಿರು ಕೂಡಿಸಿ ಹೇಳಿ ನೋಡಿ. ‘ಪ್ರಿಪೋನ್’, ‘ಡೂ ದಿ ನೀಡ್‌ಫುಲ್’ ಎಂಬಂಥ ನಮ್ಮ ಕಚೇರಿಗಳ ನುಡಿಗಟ್ಟುಗಳು ಅವರ ಪಠ್ಯಪುಸ್ತಕದಲ್ಲಿ ಇರಲಾರವು, ಅವನ್ನೂ ಬಿಡಿ.

ಸಂಖ್ಯೆಗಳನ್ನು ಬಾಯಲ್ಲಿ ಮಾತ್ರ ಹೇಳಿ ಮುಂದುವರಿಯಬೇಡಿ. ನಮಗೆ ಲಕ್ಷ, ಕೋಟಿ ಇದ್ದಂತೆ ಅವರಿಗೆ ಹತ್ತು ಸಾವಿರಕ್ಕೆ ‘ವಾನ್’, ಹತ್ತು ಕೋಟಿಗೆ ‘ಯಿ’ ಎಂಬ ಏಕಮಾನಗಳಿವೆ. ಒಂದು ಮಿಲಿಯನ್ ನಮಗೆ 10 ಲಕ್ಷ, ಅವರಿಗೆ 100 ವಾನ್. ಎರಡೂ ಕಡೆಯವರು ಮನಸ್ಸಿನಲ್ಲಿ ಲೆಕ್ಕ ಪರಿವರ್ತಿಸುತ್ತಿರುವಾಗ ಮುಂದಿನ ವಾಕ್ಯ ಕಳೆದೇ ಹೋಗುತ್ತದೆ. ಅಂಕಿಗಳನ್ನು ಪರದೆಯ ಮೇಲೆ ತೋರಿಸಿ.

ಇನ್ನು ಅವರ ಅಭ್ಯಾಸ. ಮ್ಯಾಂಡರಿನ್ ಪದಾಂಶಗಳು ಸ್ವರದಲ್ಲಿ, ಇಲ್ಲವೇ ‘ನ್’, ‘ಙ್’ ಧ್ವನಿಗಳಲ್ಲಿ ಮುಗಿಯುತ್ತವೆ. ಕೆಲವು ಮಾತ್ರ ‘ರ್’ ಛಾಯೆಯಲ್ಲಿ. ‘ಟ್’, ‘ಡ್’, ‘ಸ್’ಗಳಲ್ಲಿ ಮುಗಿಯುವ ಪದ ಅವರಿಗೆ ಅಪರಿಚಿತ. ನಾವು ಇಂಥ ಕಡೆ ಉಕಾರ ಸೇರಿಸಿ ಬಸ್ಸು, ಕಾರು, ಬ್ಯಾಂಕು ಎಂದು ಪದವನ್ನು ನಮ್ಮದಾಗಿಸಿಕೊಂಡೆವು. ಅವರಲ್ಲಿ ಅನೇಕರ ಮಾತಿನಲ್ಲಿಯೂ ಕಿವಿಯಲ್ಲಿಯೂ ಆ ಕೊನೆಯ ಧ್ವನಿ ಬಿದ್ದುಹೋಗುತ್ತದೆ. ಇಂಗ್ಲಿಷಿನ ಬಹುವಚನವೂ ಭೂತಕಾಲವೂ ಕುಳಿತಿರುವುದು ಆ ಕೊನೆಯ ಧ್ವನಿಯಲ್ಲೇ ಆದ್ದರಿಂದ, ವ್ಯಾಕರಣದ ತಪ್ಪೆಂದು ನಾವು ತಿಳಿಯುವ ಎಷ್ಟೋ ತಪ್ಪುಗಳು ಕೇಳಿಸಿಕೊಳ್ಳುವಿಕೆಯ ತೊಡಕುಗಳೂ ಹೌದು. ಒಂದು ನಿಮಿಷದ ಧ್ವನಿಮುದ್ರಣವನ್ನು ಮೂರು ಬಾರಿ ಕೇಳಲಿ: ಮೊದಲು ಅರ್ಥಕ್ಕಾಗಿ, ಎರಡನೆಯ ಸಲ ಉಕ್ತಲೇಖನ ಬರೆಯಲು, ಮೂರನೆಯ ಸಲ ಪದದ ಕೊನೆಗಳನ್ನು ಮಾತ್ರ ಗುರುತಿಸಲು. ಆಮೇಲೆ ಮೂಲಪಠ್ಯದೊಂದಿಗೆ ಹೋಲಿಸಲಿ. ‘ಊರಿಗೆ’ ಮತ್ತು ‘ಒಬ್ಬ’ ಸೇರಿ ‘ಊರಿಗೊಬ್ಬ’ ಆಗುವಂತೆ ಇಂಗ್ಲಿಷಿನಲ್ಲಿ ‘ಪಿಕ್ ಇಟ್ ಅಪ್’ ಎಂಬುದು ‘ಪಿಕಿಟಪ್’ ಆಗಿ ಕೇಳಿಸುತ್ತದೆ. ಸಂಧಿ ಗೊತ್ತಿರುವ ನೀವೇ ಇದನ್ನು ಅವರಿಗೆ ಚೆನ್ನಾಗಿ ವಿವರಿಸಬಲ್ಲಿರಿ.

ಆರಂಭಕ್ಕೆ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಶುರು ಮಾಡಿದ ‘ಸ್ಪೆಷಲ್ ಇಂಗ್ಲಿಷ್’ ಮಾದರಿಯ ಪ್ರಸಾರಗಳು ಒಳ್ಳೆಯವು. ಸುಮಾರು 1,500 ಪದಗಳ ಮಿತಿಯಲ್ಲಿ, ನಿಧಾನವಾಗಿ ಓದುವ ಸುದ್ದಿ ಅದರ ವಿಶೇಷವಾಗಿತ್ತು. ನಿಮ್ಮ ತಂಡದವರು ಯಾರಾದರೂ ಬೆಂಗಳೂರಿಗೆ ಬಂದರೆ ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಒಮ್ಮೆ ಕೂರಿಸಿಕೊಂಡು ಬನ್ನಿ. ಪ್ರತಿ ನಿಲ್ದಾಣಕ್ಕೂ ಇಂಗ್ಲಿಷ್ ಪ್ರಕಟಣೆಯ ಒಂದೇ ಸಾಲು, ಹೆಸರು ಮಾತ್ರ ಬೇರೆ. ಮುಂದೇನು ಬರುತ್ತದೆಂದು ಊಹಿಸಿ ಕೇಳುವ ಅಭ್ಯಾಸ ಅಲ್ಲಿ ಸುಲಭವಾಗಿ ಆಗುತ್ತದೆ.

ಪ್ರಶ್ನೆ: ನನ್ನ ಜೊತೆ ಸಂಶೋಧನೆ ಮಾಡುತ್ತಿರುವ ಚೀನೀ ಗೆಳತಿ ಇಂಗ್ಲಿಷ್ ಕಾದಂಬರಿ ಓದಲು ಆಸೆಪಡುತ್ತಾಳೆ. ಪ್ರತಿ ಪದಕ್ಕೂ ಮೊಬೈಲ್ ನಿಘಂಟು ನೋಡುತ್ತಾಳೆ, ಹತ್ತು ಪುಟಕ್ಕೆ ಸೋತು ಬಿಡುತ್ತಾಳೆ. ಎಷ್ಟು ಪದ ಗೊತ್ತಿದ್ದರೆ ಸಾಕು?
– ಓರ್ವ ಓದುಗರು, ಮಲ್ಲೇಶ್ವರ

ಉತ್ತರ: ಪದಸಂಪತ್ತಿನ ಅಧ್ಯಯನಕ್ಕೆ ಹೆಸರಾದ ಪಾಲ್ ನೇಷನ್ ಅವರ 2006ರ ಲೆಕ್ಕದಂತೆ, ಕಾದಂಬರಿ ಅಥವಾ ಪತ್ರಿಕೆಯನ್ನು ನೆರವಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟುವ ರೂಪಗಳು ಸೇರಿ ಒಂದು ಕುಟುಂಬ) ಬೇಕು, ನೂರಕ್ಕೆ 98 ಪದ ಪರಿಚಿತವಾಗಿರಬೇಕೆಂಬುದು ಆ ಲೆಕ್ಕದ ಆಧಾರ. ಈ ಸಂಖ್ಯೆಗೆ ಹೆದರಬೇಕಿಲ್ಲ, ಏಕೆಂದರೆ ಸೀಮಿತ ಪದಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆದ ಶ್ರೇಣೀಕೃತ ಪುಸ್ತಕಗಳಿವೆ. ಆ ಬಗೆಯ ಪುಸ್ತಕಗಳಿಗೆ ದಾರಿ ಹಾಕಿದವರಲ್ಲಿ ಒಬ್ಬರಾದ ಮೈಕೆಲ್ ವೆಸ್ಟ್ ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಕಲಿಸುತ್ತಾ ತಮ್ಮ ವಿಧಾನವನ್ನು ರೂಪಿಸಿಕೊಂಡವರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2,000 ಪದಗಳ ಪಟ್ಟಿ ಬಹುಕಾಲ ಬಳಕೆಯಲ್ಲಿತ್ತು.

ಪದಗಳಿಗಿಂತ ಹೆಚ್ಚಾಗಿ ನಿಮ್ಮ ಗೆಳತಿಯನ್ನು ನಿಲ್ಲಿಸುತ್ತಿರುವುದು ವಾಕ್ಯದ ದಿಕ್ಕು ಇರಬಹುದು. ನಾವು ‘ನಾನು ನಿನ್ನೆ ಕೊಂಡ ಪುಸ್ತಕ’ ಎನ್ನುತ್ತೇವೆ. ಚೀನೀ ಭಾಷೆಯಲ್ಲಿಯೂ ನಾನು, ನಿನ್ನೆ, ಕೊಂಡ, ಪುಸ್ತಕ ಎಂಬ ಇದೇ ಕ್ರಮ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬಂದು, ವಿವರಣೆ ಅದರ ಹಿಂದೆ ಸಾಲುಗಟ್ಟುತ್ತದೆ. ಉದ್ದನೆಯ ವಾಕ್ಯದಲ್ಲಿ ಮುಖ್ಯ ನಾಮಪದಕ್ಕೂ ಅದರ ಕ್ರಿಯಾಪದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು, ನಡುವಿನದನ್ನು ಆಮೇಲೆ ಓದುವ ಅಭ್ಯಾಸವನ್ನು ನೀವಿಬ್ಬರೂ ಜೊತೆಯಾಗಿ ಮಾಡಬಹುದು. ನಿಮ್ಮಿಬ್ಬರ ತೊಡಕೂ ಇಲ್ಲಿ ಒಂದೇ.

ಒಂದು ಶನಿವಾರ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಿಗೆ ಹೋಗಿ. ಯಾವುದಾದರೂ ಪುಸ್ತಕದ ನಡುವಿನ ಒಂದು ಪುಟವನ್ನು ಅವಳು ಅಲ್ಲೇ ನಿಂತು ಓದಲಿ. ಸುಮಾರು 250 ಪದಗಳ ಪುಟದಲ್ಲಿ ಗೊತ್ತಿಲ್ಲದ ಪದಗಳು ಐದನ್ನು ಮೀರಿದರೆ ಸದ್ಯಕ್ಕೆ ಅದನ್ನು ಕಪಾಟಿಗೇ ಹಿಂತಿರುಗಿಸಿ. ಮನೆಗೆ ತಂದ ಪುಸ್ತಕವನ್ನು ಓದುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಅಧ್ಯಾಯ ಮುಗಿದ ಮೇಲೆ, ಮೂರು ನಾಲ್ಕು ಬಾರಿ ಎದುರಾದ ಪದಗಳನ್ನಷ್ಟೇ ನಿಘಂಟಿನಲ್ಲಿ ನೋಡಿ ಬರೆದಿಟ್ಟುಕೊಳ್ಳಲಿ.