ಚಿತ್ರವನ್ನು ಅರ್ಧಕ್ಕೆ ಬಿಟ್ಟು ಏಳಿ

ದಿನಾ ಚಿತ್ರ ಬಿಡಿಸುವ ಅಭ್ಯಾಸ ಉಳಿಸಿಕೊಳ್ಳುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೆ ಕಥೆ ನೆನಪಾಯಿತು. 'ಆಫೀಸು, ಮನೆಕೆಲಸ ಎಲ್ಲ ಮುಗಿಸಿ ರಾತ್ರಿ 9ಕ್ಕೆ ಜಲವರ್ಣ ಹಿಡಿದು ಕೂರುತ್ತೇನೆ, ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ತಪ್ಪುತ್ತದೆ, ಆಮೇಲೆ ತಿಂಗಳುಗಟ್ಟಲೆ ಬಣ್ಣದ ಡಬ್ಬಿ ಮುಟ್ಟುವುದಿಲ್ಲ' ಅಂತ ನೀವು ಬರೆದಿದ್ದೀರಿ. ಬೆಳಿಗ್ಗೆ 5ಕ್ಕೆ ಏಳಿ ಅಂತ ಮೇಲಿನ ಉತ್ತರಗಳಲ್ಲಿ ಆಗಲೇ ಮೂವರು ಹೇಳಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಐದನೇ ದಿನ ತಪ್ಪಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನೂ ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ತಂಡ 96 ಜನರನ್ನು 12 ವಾರ ಗಮನಿಸಿದ್ದರು. ಹೊಸ ಅಭ್ಯಾಸ ಮೈಗೂಡಲು ಸುಮಾರು 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಅಂದಾಜು ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಅದೂ ಊಟದ ಜೊತೆ ಹಣ್ಣು ತಿನ್ನುವುದು, ಓಡುವುದು, ಇಂಥ ಅಭ್ಯಾಸಗಳಿಗೆ. ಚಿತ್ರ ಬಿಡಿಸುವುದಕ್ಕೆ ಇನ್ನೂ ಜಾಸ್ತಿ ದಿನ ಹಿಡಿದರೆ ಆಶ್ಚರ್ಯವಿಲ್ಲ, ಅಲ್ವಾ?

ನನ್ನ ಅನುಭವದಲ್ಲಿ ಕಷ್ಟ ಇರುವುದು ಶುರು ಮಾಡುವುದರಲ್ಲಿ. ಒಂದು ವಾರ ಗಡಿಯಾರ ನೋಡಿ ಬರೆದಿಟ್ಟುಕೊಂಡೆ. ಮೇಜು ಖಾಲಿ ಮಾಡಬೇಕು, ಪೇಪರಿಗೆ ಟೇಪ್ ಹಾಕಬೇಕು, ಏನು ಬಿಡಿಸಲಿ ಅಂತ ಫೋಟೋ ಹುಡುಕಬೇಕು. ಇಷ್ಟರಲ್ಲೇ 25 ನಿಮಿಷ ಹೋಗುತ್ತಿತ್ತು. ದಣಿದ ತಲೆಗೆ ಅತಿ ಕಷ್ಟದ ಕೆಲಸ ಅಂದರೆ 'ಇವತ್ತು ಏನು ಬಿಡಿಸಲಿ' ಅನ್ನುವುದು. ಆ ಪ್ರಶ್ನೆಗೆ ಹಿಂದಿನ ರಾತ್ರಿಯೇ ಉತ್ತರ ಸಿಕ್ಕಿರಬೇಕು.

ಅದಕ್ಕೇ ಈಗ ನಾನು ಒಂದು ಚಿತ್ರ ಮುಗಿಸಿ ಏಳುವುದೇ ಇಲ್ಲ. ಮುಂದಿನ ಹೆಜ್ಜೆ ಏನು ಅಂತ ಸ್ಪಷ್ಟವಾಗಿ ಗೊತ್ತಿರುವಾಗಲೇ ಬ್ರಷ್ ಕೆಳಗಿಡುತ್ತೇನೆ. ನಿನ್ನೆ ಒಂದು ಹಳೆ ಬಾಗಿಲಿನ ಚಿತ್ರ ಮಾಡುತ್ತಿದ್ದೆ. ಮರದ ಬಣ್ಣ ಮುಗಿದಿತ್ತು, ನೆರಳು ಬಾಕಿ ಇತ್ತು. ಹಾಕಲು ಕೈ ತುರಿಸುತ್ತಿತ್ತು, ಆದರೂ ಎದ್ದೆ. ಏಳುವ ಮುಂಚೆ ಅಂಚಿನ ಟೇಪಿನ ಮೇಲೆ ಪೆನ್ಸಿಲಿನಲ್ಲಿ 'ನೆರಳು: ಅಲ್ಟ್ರಾಮರೀನ್ (ನೀಲಿ) + ಬರ್ನ್ಟ್ ಸಿಯೆನಾ (ಕೆಂಗಂದು), ಎಡಗಡೆಯಿಂದ' ಅಂತ ಬರೆದೆ. ಇವತ್ತು ಕೂತು ಎರಡೇ ನಿಮಿಷಕ್ಕೆ ಆ ಬೂದು ಬಣ್ಣ ಕಲೆಸುತ್ತಿದ್ದೆ. ಒಂದು ಎಚ್ಚರಿಕೆ: ಒದ್ದೆ ವಾಶ್ (ನೀರು ಬೆರೆಸಿ ತೆಳ್ಳಗೆ ಹರಡುವ ಬಣ್ಣ) ಹಾಕುತ್ತಿರುವಾಗ ಮಧ್ಯದಲ್ಲಿ ನಿಲ್ಲಿಸಬೇಡಿ, ಒಣಗಿದ ಅಂಚು ಗೆರೆ ಕಟ್ಟುತ್ತದೆ. ಒಂದು ಪದರ ಮುಗಿಸಿ, ಅದು ಒಣಗುವ ಹೊತ್ತಿಗೆ ಎದ್ದುಬಿಡಿ. ಚಿತ್ರ ಮುಗಿಯುವ ದಿನವೇ ಬಂದರೆ? ಅವತ್ತೇ ಮುಂದಿನ ಪೇಪರ್ ಅಂಟಿಸಿ ನಾಲ್ಕು ಗೆರೆ ಎಳೆದಿಡಿ, ಅಷ್ಟೇ.

ಪೇಪರ್ ಅಂಟಿಸಿದ ಬೋರ್ಡನ್ನು ಎತ್ತಿಡಬೇಡಿ. ಮೇಜು ಬೇರೆಯವರಿಗೂ ಬೇಕಿದ್ದರೆ ಬೋರ್ಡು, ಬ್ರಷ್, ಬಣ್ಣ ಎಲ್ಲ ಒಂದೇ ಟ್ರೇಯಲ್ಲಿ ಇರಲಿ. ಎತ್ತಿದರೆ ಎಲ್ಲ ಒಟ್ಟಿಗೆ ಬರಬೇಕು.

ಇನ್ನು 5 ಗಂಟೆಯ ವಿಷಯ. ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೋಲಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ 5:30ಕ್ಕೆ ಕೂತು, ಗಡಿಯಾರ ಎದುರಿಗಿಟ್ಟು, 15 ನಿಮಿಷಕ್ಕೆ 250 ಪದ ಬರೆಯುತ್ತಿದ್ದ. ಒಟ್ಟು 47 ಕಾದಂಬರಿ ಬರೆದ. ಆದರೆ ಅವನನ್ನು ಎಬ್ಬಿಸಿ ಕಾಫಿ ಕೊಡಲು ಒಬ್ಬ ಆಳಿದ್ದ, ಅದಕ್ಕೆಂದೇ ವರ್ಷಕ್ಕೆ 5 ಪೌಂಡ್ ಜಾಸ್ತಿ ಸಂಬಳ! ನಮಗೆ ಹಾಗೆ ಎಬ್ಬಿಸುವವರು ಯಾರಿದ್ದಾರೆ? ನಾನು ಅವನಿಂದ ಕಲಿತದ್ದು ಬೇರೆ. ಮೊದಲ ಅರ್ಧ ಗಂಟೆ ಅವನು ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದ. ನಾವೂ ಬ್ರಷ್ ಹಿಡಿಯುವ ಮುಂಚೆ ಐದು ನಿಮಿಷ ನಿನ್ನೆಯದನ್ನು ಸುಮ್ನೆ ನೋಡುತ್ತಾ ಕೂರಬಹುದು. ತಡವಾಗಿ ಮಲಗುವವರು 5ಕ್ಕೆ ಎದ್ದರೆ ನಿದ್ದೆ ಕೆಡುತ್ತದೆ, ಚಿತ್ರವೂ ಕೆಡುತ್ತದೆ. ನಾನು ಮೂರು ವಾರ ಮಾಡಿ ನೋಡಿ ಬಿಟ್ಟೆ.

ಚಿತ್ರ ಬಿಡಿಸುವುದನ್ನು ಗಂಟೆಗಿಂತ ದಿನದ ಒಂದು ಕೆಲಸಕ್ಕೆ ಗಂಟು ಹಾಕುವುದು ಒಳ್ಳೆಯದು. 'ರಾತ್ರಿ 9ಕ್ಕೆ' ಅಂದುಕೊಂಡರೆ 9:20 ಆದಾಗ ಇವತ್ತು ತಪ್ಪಿತು ಅನಿಸುತ್ತದೆ. 'ಪಾತ್ರೆ ತೊಳೆದು ಕೈ ಒರೆಸಿದ ಕೂಡಲೇ' ಅಂದುಕೊಂಡರೆ ತಡ ಅನ್ನುವ ಮಾತೇ ಇಲ್ಲ. ಫೋನು ಮಾತ್ರ ಬೇರೆ ಕೋಣೆಯಲ್ಲಿ. ನೋಡಿ ಬಿಡಿಸುವ ಫೋಟೋ ಪ್ರಿಂಟ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಅದೇ ನೆಪದಲ್ಲಿ ಫೋನು ಕೈಗೆ ಬರುತ್ತದೆ.

ತೀರಾ ಸುಸ್ತಾದ ದಿನಕ್ಕೂ ಒಂದು ಕೆಲಸ ಗೊತ್ತು ಮಾಡಿಟ್ಟುಕೊಳ್ಳಿ. ನನ್ನದು ಎರಡು ಬಣ್ಣ ಕಲೆಸಿ ಹಳೆ ಪೇಪರಿನ ಮೇಲೆ ಆರು ಚೌಕ ತುಂಬುವುದು. ಹತ್ತು ನಿಮಿಷದ ಕೆಲಸ.

ಕೊನೆಯಲ್ಲಿ ಅಕ್ರಿಲಿಕ್‌ಗೆ ಬದಲಾಯಿಸಲಾ ಅಂತ ಕೇಳಿದ್ದಿರಿ. ಸದ್ಯಕ್ಕೆ ಬೇಡ. ಜಲವರ್ಣ ಪ್ಯಾಲೆಟ್ಟಿನಲ್ಲಿ ಒಣಗಿದರೂ ನಾಳೆ ನೀರು ಸೋಕಿದರೆ ಮತ್ತೆ ಕರಗುತ್ತದೆ. ಅಕ್ರಿಲಿಕ್ ಒಣಗಿದರೆ ಮುಗಿಯಿತು, ಬ್ರಷ್ ತೊಳೆಯಲು ಮರೆತರೆ ಅದೂ ಕಸದ ಬುಟ್ಟಿಗೆ. ದಿನಕ್ಕೆ ಅರ್ಧ ಗಂಟೆ ಕೂರುವವರಿಗೆ ಹತ್ತು ನಿಮಿಷ ತೊಳೆಯುವುದಕ್ಕೇ ಹೋದರೆ ಹೇಗೆ? ಇರುವ ಡಬ್ಬಿಯನ್ನೇ ತೆರೆಯಿರಿ. ಅರ್ಧಕ್ಕೆ ನಿಂತಿರುವ ಚಿತ್ರ ಯಾವುದಾದರೂ ಇದ್ದರೆ ಅದರ ಫೋಟೋ ಇಲ್ಲಿ ಹಾಕಿ, ಮುಂದಿನ ಪದರ ಏನು ಹಾಕಬಹುದು ಅಂತ ನೋಡೋಣ.